ದೂರು ವಿಭಾಗದ ದೂರದ ಓಟಗಾರ

ಹಲೋರಾಯರು ಅಂದು ಬೆಳಿಗ್ಗೆ ಓಡಿದ್ದು ಊಟದ ಡಬ್ಬಿಗಾಗಿ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುವುದು ಒಳ್ಳೆಯದು. ಏಕೆಂದರೆ ಆಮೇಲೆ ಜನ ಇದೇ ಓಟಕ್ಕೆ ಶಿಸ್ತು, ಸಾಧನೆ, ಛಲ ಎಂದು ಬಾಯಿಗೆ ಬಂದ ಹೆಸರನ್ನೆಲ್ಲ ಇಟ್ಟರು.

ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಡಬ್ಬಿ ಸೀಟಿನ ಮೇಲೆಯೇ ಉಳಿದಿದೆ ಎಂದು ಅವರಿಗೆ ಹೊಳೆಯಿತು. ಅಷ್ಟರಲ್ಲಿ ಬಸ್ಸು ಹೊರಟಾಗಿತ್ತು. ಅದು ದೊಡ್ಡ ಉದ್ಯಾನವನ್ನು ಸುತ್ತು ಹಾಕಿ ಆಚೆ ಕಡೆಯ ನಿಲ್ದಾಣಕ್ಕೆ ಬರುತ್ತದೆ. ಉದ್ಯಾನದೊಳಗೆ ಅಡ್ಡ ಹಾಯ್ದರೆ ಹಿಡಿಯಬಹುದು. ಹಲೋರಾಯರು ಹಿಂದೆ ಮುಂದೆ ನೋಡದೆ ಹುಲ್ಲು ತುಳಿದು, ಚರಂಡಿ ಹಾರಿ, ಕೆಸರಿನಲ್ಲಿ ಜಾರಿ, ದಿಣ್ಣೆ ಹತ್ತಿ ಇಳಿದರು. ಡಬ್ಬಿ ಸಿಕ್ಕಿತು. ಮುಚ್ಚಳ ಸಿಗಲಿಲ್ಲ.

ಆ ದಿಣ್ಣೆಯ ಬುಡದಲ್ಲಿ ವಾಯುವಿಹಾರಕ್ಕೆ ಬಂದಿದ್ದ ಮಹಿಳೆಯೊಬ್ಬರು ಬೆರಗಾಗಿ ನಿಂತು ನೋಡಿದರು. ಅವರು ನೀರು ಸರಬರಾಜು ಇಲಾಖೆಗೆ ಆಗಷ್ಟೇ ವರ್ಗವಾಗಿ ಬಂದಿದ್ದ ಮುಖ್ಯ ಎಂಜಿನಿಯರು. ಕಾಲೇಜಿನಲ್ಲಿದ್ದಾಗ ಸ್ವತಃ ಓಟಗಾರ್ತಿ. ಚರಂಡಿಯನ್ನು ಅಷ್ಟು ಶ್ರದ್ಧೆಯಿಂದ ಹಾರುವ ಮನುಷ್ಯ ಸಾಮಾನ್ಯನಲ್ಲ ಎಂದು ಅವರಿಗೆ ಅನ್ನಿಸಿತು. ಅದೇ ಮನುಷ್ಯ ಸ್ವಲ್ಪ ಹೊತ್ತಿನಲ್ಲಿ ತಮ್ಮದೇ ಕಚೇರಿಯ ಲಿಫ್ಟಿನೊಳಗೆ ಬಂದಾಗ ಅವರು ಬಿಡುವುದುಂಟೇ?

ಹಲೋರಾಯರು ಆ ಕಚೇರಿಯ ದೂರು ವಿಭಾಗದ ಗುಮಾಸ್ತರು. ನಲ್ಲಿಯಲ್ಲಿ ನೀರು ಬರದವರು, ಬಂದರೂ ಕೆಂಪಗೆ ಬರುವವರು, ಬಂದದ್ದು ನಿಲ್ಲದವರು, ಎಲ್ಲರೂ ಫೋನ್ ಮಾಡುವುದು ಅವರಿಗೇ. ಅವರು ಎಷ್ಟು ಮೃದುವಾಗಿ ‘ಹಲೋ’ ಎನ್ನುತ್ತಿದ್ದರೆಂದರೆ, ಬೈಯಲೆಂದು ಉಸಿರು ಎಳೆದುಕೊಂಡವರು ಆ ಉಸಿರನ್ನು ಸುಮ್ಮನೆ ಹೊರಗೆ ಬಿಟ್ಟುಬಿಡುತ್ತಿದ್ದರು. ಮನೆಯಲ್ಲಿ ಯಾರಾದರೂ ಕದ ತಟ್ಟಿದರೂ ಅವರು ಹಲೋ ಎಂದೇ ತೆರೆಯುತ್ತಿದ್ದರು. ಹೆಸರು ಬಂದದ್ದು ಹಾಗೆ.

"ಬೆಳಿಗ್ಗೆ ಪಾರ್ಕಲ್ಲಿ ಓಡ್ತಿದ್ದೋರು ನೀವೇ ಅಲ್ವಾ?" ಮೇಡಂ ಕೇಳಿದರು.

ಹಲೋರಾಯರು ಮುಚ್ಚಳವಿಲ್ಲದ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದು ಹೌದೆಂದರು.

"ನಿಮ್ಮದು ಯಾವುದು?"

ಹೊಸ ಅಧಿಕಾರಿ ‘ಯಾವುದು’ ಎಂದರೆ ವಿಭಾಗ ಯಾವುದು ಎಂದೇ ಅರ್ಥ. "ದೂರು, ಮೇಡಂ."

ಲಿಫ್ಟಿನ ಫ್ಯಾನು ಕಟಕಟ ಎನ್ನುತ್ತಿತ್ತು. ಆ ಸದ್ದಿನಲ್ಲಿ ‘ದೂರು’ವಿನ ಕೊನೆಯ ಕೊಂಬು ಎಲ್ಲೋ ಬಿದ್ದುಹೋಗಿ, ಮೇಡಂ ಕಿವಿಗೆ ‘ದೂರ’ ಮಾತ್ರ ಮುಟ್ಟಿತು. ಇಷ್ಟು ಸಣ್ಣ ಕೊಂಬಿನಿಂದ ಇಷ್ಟು ದೊಡ್ಡ ಫಜೀತಿಯಾದದ್ದು ನಮ್ಮ ಲಿಪಿಯ ಇತಿಹಾಸದಲ್ಲೇ ಅಪರೂಪ.

"ಎಷ್ಟು ವರ್ಷದಿಂದ?"

"ಕೆಲಸಕ್ಕೆ ಸೇರಿದಾಗಿಂದ್ಲೂ ಅದೇ ಮೇಡಂ. ನನಗೆ ಬೇರೆ ಏನೂ ಬರಲ್ಲ."

"ದಿನಕ್ಕೆ ಎಷ್ಟಾಗುತ್ತೆ?"

"ಮೂವತ್ತು, ನಲವತ್ತು. ಬೇಸಿಗೆಯಲ್ಲಿ ಅರವತ್ತು ದಾಟಿಬಿಡುತ್ತೆ."

ಮೇಡಂ ಲಿಫ್ಟಿನ ಕಂಬಿ ಹಿಡಿದುಕೊಂಡರು. "ಬೇಸಿಗೆಯಲ್ಲಿ ಜಾಸ್ತಿನಾ?"

"ನೀರಿರಲ್ಲವಲ್ಲ ಮೇಡಂ, ಅದಕ್ಕೇ."

"ನೀರಿಲ್ಲದೆ ಅರವತ್ತು," ಎಂದು ಮೇಡಂ ತಮಗೆ ತಾವೇ ಹೇಳಿಕೊಂಡರು. "ನೋವಾಗಲ್ವಾ ನಿಮಗೆ?"

"ಸಾಯಂಕಾಲದ ಹೊತ್ತಿಗೆ ಕಿವಿ ಸ್ವಲ್ಪ ನೋಯುತ್ತೆ."

ಎದುರುಗಾಳಿಯಲ್ಲಿ ಅಷ್ಟು ದೂರ ಓಡಿದರೆ ಕಿವಿ ನೋಯದೆ ಇನ್ನೇನು ಎಂದು ಮೇಡಂ ಮರುಕದಿಂದ ತಲೆದೂಗಿದರು. ಹೊಸ ಅಧಿಕಾರಿಗೆ ದೂರು ವಿಭಾಗದ ಕಷ್ಟ ಇಷ್ಟು ಬೇಗ ಅರ್ಥವಾಯಿತಲ್ಲ ಎಂದು ಹಲೋರಾಯರ ಕಣ್ಣು ಒದ್ದೆಯಾಯಿತು. ಇಬ್ಬರೂ ಪರಸ್ಪರ ಗೌರವದಿಂದ ಬೇರೆ ಬೇರೆ ಮಹಡಿಯಲ್ಲಿ ಇಳಿದರು.

ಊಟದ ಹೊತ್ತಿಗೆ ಆದೇಶ ಬಂತು. ಎಲ್ಲ ಇಲಾಖೆಗಳ ನಡುವೆ ಪ್ರತಿವರ್ಷ ನಡೆಯುವ ಗುಡ್ಡಗಾಡು ಓಟಕ್ಕೆ ನೀರು ಸರಬರಾಜು ತಂಡದ ತರಬೇತುದಾರರು ಹಲೋರಾಯರು.

ಹಲೋರಾಯರು ಆದೇಶವನ್ನು ಎರಡು ಸಲ ಓದಿ, ಇದು ಬೇರೆ ಯಾರಿಗೋ ಬಂದದ್ದು ಎಂದು ಹೆಡ್ ಕ್ಲರ್ಕ್ ಹತ್ತಿರ ಒಯ್ದರು.

"ನಾನು ಓಡೋನಲ್ಲ ಸರ್. ಇದೇನೋ ತಪ್ಪಾಗಿದೆ."

ಹೆಡ್ ಕ್ಲರ್ಕ್ ಕನ್ನಡಕ ತೆಗೆದರು. "ಇಷ್ಟು ವರ್ಷ ಪಕ್ಕದ ಮೇಜಲ್ಲೇ ಕೂತಿದೀಯ. ಒಂದು ದಿನ ಬಾಯಿ ಬಿಡಲಿಲ್ಲ. ನಾನಾಗಿದ್ರೆ ಬೋರ್ಡು ಹಾಕಿಸ್ಕೊಳ್ತಿದ್ದೆ."

"ನಿಜವಾಗ್ಲೂ ಸರ್, ನನಗೆ ಓಟ ಗೊತ್ತಿಲ್ಲ."

"ನೋಡ್ರಪ್ಪ," ಎಂದು ಹೆಡ್ ಕ್ಲರ್ಕ್ ಇಡೀ ಕೋಣೆಗೆ ಕೇಳುವಂತೆ ಹೇಳಿದರು, "ನಿಜವಾಗಿ ಗೊತ್ತಿರೋರು ಹೀಗೇ ಮಾತಾಡೋದು."

ಅಲ್ಲಿಂದ ಮುಂದೆ ಅವರು ಅಲ್ಲಗಳೆದಷ್ಟೂ ಕೀರ್ತಿ ಹೆಚ್ಚಿತು. ಮನೆಗೆ ಹೋಗಿ ಹೆಂಡತಿಗಾದರೂ ನಿಜ ಹೇಳೋಣವೆಂದುಕೊಂಡರೆ, ಕಚೇರಿಯಿಂದ ಯಾರೋ ಆಗಲೇ ಫೋನ್ ಮಾಡಿಯಾಗಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮದುವೆಯಾದಾಗಿನಿಂದ ಗಂಡನ ಬಗ್ಗೆ ಹೊರಗಿನವರು ಒಳ್ಳೆಯ ಮಾತಾಡಿದ್ದು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು.

"ಯಾಕ್ರೀ ನನಗೆ ಹೇಳಲಿಲ್ಲ?" ಎಂದಳು, ಬೇಸರಕ್ಕಿಂತ ಹೆಚ್ಚು ಹೆಮ್ಮೆಯಿಂದ.

ಒಳಗಿನಿಂದ ಅತ್ತೆಯ ದನಿ ಬಂತು. "ಅಳಿಯಂದ್ರು ತಟ್ಟೆ ಎತ್ತಿಡೋಕೂ ಏಳಲ್ಲ ಅಂತಿದ್ದೆ. ಪಾಪ, ಕಾಲು ನೋವಿರಬೇಕು."

ಇಂಥ ಮನೆಯಲ್ಲಿ ನಿಜ ಹೇಳುವುದು ಸುಲಭವಲ್ಲ. ಹಲೋರಾಯರು ನಾಳೆ ಹೇಳೋಣ ಎಂದುಕೊಂಡು ಕಾಲು ಚಾಚಿ ಕುಳಿತರು. ಅತ್ತೆ ಬಿಸಿನೀರು ತಂದಿಟ್ಟರು. ನಾಳೆಗೆ ನಾಳಿದ್ದು ಸೇರಿತು.

ತಂಡದಲ್ಲಿ ನಾಲ್ಕು ಜನ. ಮನೆಮನೆಗೆ ಹೋಗಿ ಬೀದಿನಾಯಿಗಳಿಂದಲೇ ಓಟ ಕಲಿತ ಮೀಟರ್ ರೀಡರ್ ಹುಡುಗಿ; ಎಲ್ಲವನ್ನೂ ಬೇಗ ಶುರುಮಾಡಿ ಬೇಗ ಕೈಬಿಡುವ ಟೈಪಿಸ್ಟಮ್ಮ; ಎದುರುಮನೆಗೂ ಜೀಪಿನಲ್ಲೇ ಹೋಗುವ ಡ್ರೈವರು; ಮತ್ತು ಪಂಪ್ ಆಪರೇಟರು. ಈ ಓಟದಲ್ಲಿ ನಾಲ್ವರೂ ಕೊನೆ ಮುಟ್ಟಬೇಕು. ಒಬ್ಬರು ನಿಂತರೂ ತಂಡ ಲೆಕ್ಕಕ್ಕಿಲ್ಲ. ಕಳೆದ ವರ್ಷ ಪಂಪ್ ಆಪರೇಟರು ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂತು, ಆಮೇಲೆ ಎದೆಗೆ ಕಟ್ಟಿದ ನಂಬರಿನ ಸಮೇತ ಆಟೋ ಹತ್ತಿ ಮನೆಗೆ ಹೋಗಿದ್ದರು. ಅಂದಿನಿಂದ ಅವರು ಕಾರಿಡಾರಿನಲ್ಲಿ ಬಂದರೆ ಯಾರಾದರೊಬ್ಬರು ಮೆಲ್ಲಗೆ ಹಾರ್ನ್ ಸದ್ದು ಮಾಡುತ್ತಿದ್ದರು. ಅವರೂ ಜೊತೆಗೆ ನಗುತ್ತಿದ್ದರು. ಆದರೆ ಊಟಕ್ಕೆ ಕ್ಯಾಂಟೀನಿಗೆ ಬರುವುದನ್ನು ಬಿಟ್ಟಿದ್ದರು.

"ಈ ಸಲವೂ ಕೂತುಬಿಟ್ರೆ ವರ್ಗ ಕೇಳ್ಕೊಂಡು ಬೇರೆ ಊರಿಗೆ ಹೋಗ್ತೀನಿ ಸರ್," ಎಂದು ಮೊದಲ ದಿನವೇ ಅವರು ಹಲೋರಾಯರಿಗೆ ಹೇಳಿದರು. "ನಿಮ್ಮಂಥೋರು ಸಿಕ್ಕಿದ್ದು ನನ್ನ ಪುಣ್ಯ."

ಹಲೋರಾಯರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನೆಲ ಬಾಯಿಬಿಡಲಿಲ್ಲ. "ಸರಿ, ಓಡಿ, ನಾನು ನೋಡ್ತೀನಿ," ಎಂದರು.

"ನೀವು ಮುಂದೆ ಓಡಿ ತೋರಿಸಿ ಸರ್," ಎಂದಳು ಮೀಟರ್ ರೀಡರ್ ಹುಡುಗಿ.

ಓಡಿದರು. ಮೈದಾನದ ಮೊದಲ ತಿರುವು ಮುಗಿಯುವುದರೊಳಗೆ ಎದೆಯಲ್ಲಿ ಕಮ್ಮಾರನ ತಿದಿ ಊದಲು ಶುರುವಾಯಿತು. ಹಿಂದಿನವರು ಮುಂದೆ ಹೋಗಿಬಿಟ್ಟರೆ ಗುಟ್ಟು ರಟ್ಟು. ಹಲೋರಾಯರು ಕೈ ಎತ್ತಿ ಗಂಭೀರವಾಗಿ ಸಾರಿದರು: "ಇವತ್ತು ಇದೇ ವೇಗ. ನನ್ನನ್ನ ಯಾರೂ ದಾಟಬಾರದು."

ಆದರೂ ಹುಡುಗಿ ದಾಟುವ ಹಾಗೆ ಕಂಡಳು. "ಮಾತಾಡ್ತಾ ಓಡಿ," ಎಂದರು. ಹರಟೆಗೆ ಬಿದ್ದರೆ ನಿಧಾನವಾಗುತ್ತಾರೆ ಎಂಬ ಲೆಕ್ಕಾಚಾರ. "ಮಾತು ನಿಂತ್ರೆ ಜಾಸ್ತಿ ಓಡ್ತಿದೀರಿ ಅಂತ ಅರ್ಥ."

ಗುಡ್ಡದ ಬುಡಕ್ಕೆ ಬಂದಾಗ ಅವರ ಕಾಲು ಮುಷ್ಕರ ಹೂಡಿತು. "ಏರಿನಲ್ಲಿ ನಡೀಬೇಕು," ಎಂದು ಆಜ್ಞೆಯಾಯಿತು.

ಮರುದಿನ ನಾಲ್ವರೂ ಮರಳಿ ಬಂದರು. ಇದು ಇಲಾಖೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ಹಿಂದಿನ ತರಬೇತುದಾರರು ಮೊದಲ ದಿನವೇ ಸೀಟಿ ಊದಿ ಜೋರಾಗಿ ಓಡಿಸುತ್ತಿದ್ದರು. ಎರಡನೆಯ ದಿನ ಎಲ್ಲರೂ ರಜೆ ಹಾಕಿ ಮಲಗುತ್ತಿದ್ದರು. ಈ ಸುದ್ದಿ ಕೇಳಿ ಮೇಡಂ ಸಂತೋಷಪಟ್ಟರು. ನಿಧಾನವಾಗಿ ಓಡಿಸಿ ಉಸಿರು ಬೆಳೆಸುವುದು ದೂರದ ಓಟದ ಮೊದಲ ಪಾಠವೆಂದೂ, ಅದು ಇವರಿಗೆ ರಕ್ತದಲ್ಲೇ ಇದೆಯೆಂದೂ ಮೀಟಿಂಗಿನಲ್ಲಿ ಹೇಳಿದರು. ಹಲೋರಾಯರು ತಮ್ಮ ರಕ್ತದಲ್ಲಿ ಇನ್ನೂ ಏನೇನಿದೆಯೋ ಎಂದು ಗಾಬರಿಯಾದರು.

ದಿನ ಕಳೆದಂತೆ ಓಡುವವರ ಗೋಳು ಶುರುವಾಯಿತು. ಅಲ್ಲಿ ನೋಡಿ ಹಲೋರಾಯರು ತಮ್ಮ ನೆಲಕ್ಕೆ ಬಂದರು.

"ಎಡಗಾಲು ನೋಯ್ತಿದೆ ಸರ್," ಎಂದು ಪಂಪ್ ಆಪರೇಟರು ಗುಡ್ಡದ ಕೆಳಗೆ ನಿಂತರು.

"ಯಾವಾಗಿಂದ?" ಹಲೋರಾಯರ ದನಿ ತಾನಾಗಿ ಫೋನಿನ ದನಿಯಾಯಿತು.

"ಆ ಮರದ ಹತ್ತಿರದಿಂದ."

"ಅಕ್ಕಪಕ್ಕದವರಿಗೂ ಇದೆಯಾ, ನಿಮಗೊಬ್ಬರಿಗೇನಾ?"

ಪಂಪ್ ಆಪರೇಟರು ಹಿಂತಿರುಗಿ ಟೈಪಿಸ್ಟಮ್ಮನನ್ನು ಕೇಳಿದರು. ಅವಳಿಗೂ ಇತ್ತು. ಡ್ರೈವರಿಗೆ ಎರಡೂ ಕಾಲಿಗೆ ಇತ್ತು.

"ಹಾಗಾದ್ರೆ ಇಡೀ ಏರಿಯಾದ್ದು, ನಿಮ್ಮ ಮನೆಯದ್ದಲ್ಲ," ಎಂದರು ಹಲೋರಾಯರು. "ಬರ್ಕೊಂಡಿದೀನಿ. ಸ್ವಲ್ಪ ಹೊತ್ತಲ್ಲಿ ಸರಿಹೋಗುತ್ತೆ. ಅಲ್ಲೀವರೆಗೆ ಹೀಗೇ ಬರ್ತಾ ಇರಿ."

ಪಂಪ್ ಆಪರೇಟರು ಬರುತ್ತಾ ಇದ್ದರು. ನೋವು ತನ್ನೊಬ್ಬನದ್ದಲ್ಲ ಎಂದು ಗೊತ್ತಾದ ಮೇಲೆ ಅದರ ಅರ್ಧ ಜೋರು ಇಳಿದುಹೋಗುತ್ತದೆ ಎಂಬುದು ನೀರಿಲ್ಲದ ಬೀದಿಗಳಿಗೆಲ್ಲ ಗೊತ್ತಿರುವ ಸಂಗತಿ. ಟೈಪಿಸ್ಟಮ್ಮ ಇನ್ನು ನಾಳೆಯಿಂದ ಬರುವುದಿಲ್ಲವೆಂದು ದಿನವೂ ಹೇಳುತ್ತಿದ್ದಳು. ಹಲೋರಾಯರು ದಿನವೂ ಪೂರ್ತಿ ಕೇಳಿಸಿಕೊಂಡು, "ನಿಮ್ಮ ಬೇಜಾರು ನನಗೆ ಅರ್ಥ ಆಗುತ್ತಮ್ಮ," ಎನ್ನುತ್ತಿದ್ದರು. ಅಷ್ಟಕ್ಕೇ ಅವಳು ಮರುದಿನ ಬರುತ್ತಿದ್ದಳು. ಗದರಿಸುವವರ ಕೈಯಿಂದ ತಪ್ಪಿಸಿಕೊಳ್ಳಬಹುದು, ಕೇಳಿಸಿಕೊಳ್ಳುವವರ ಕೈಯಿಂದ ತಪ್ಪಿಸಿಕೊಳ್ಳುವುದು ಹೇಗೆ?

ಕೀರ್ತಿ ಕಚೇರಿಯ ಗೋಡೆ ದಾಟಿತು. ಪಕ್ಕದ ಮನೆಯ ದರ್ಜಿ ತಮ್ಮ ಮೊಣಕಾಲನ್ನು ತಂದು ತೋರಿಸಿದರು. ಹಲೋರಾಯರ ಷಡ್ಡಕನಂತೂ ತನ್ನ ಅಪಾರ್ಟ್‌ಮೆಂಟಿನಲ್ಲಿ ಅವರಿಂದ ‘ಪ್ರೇರಣೆ’ ಎಂಬ ಉಪನ್ಯಾಸವನ್ನೇ ಏರ್ಪಡಿಸಿದ. ಈ ಷಡ್ಡಕ ಎದೆಬಡಿತ ಎಣಿಸುವ ಗಡಿಯಾರ ಕಟ್ಟಿಕೊಂಡು, ಊಟದ ಮಧ್ಯೆ ತನ್ನ ಬಡಿತ ಎಷ್ಟೆಂದು ಎಲ್ಲರಿಗೂ ತಿಳಿಸುವ ಮನುಷ್ಯ. ಇಷ್ಟು ದಿನ ಹಲೋರಾಯರನ್ನು ಕುರ್ಚಿ ಸರಿಸುವುದಕ್ಕೆ ಮಾತ್ರ ಕರೆಯುತ್ತಿದ್ದ.

"ಭಾವ, ಬೆಳಿಗ್ಗೆ ಏಳೋಕೆ ನಿಮಗೆ ಪ್ರೇರಣೆ ಏನು, ಅದನ್ನ ಹೇಳಿ," ಎಂದು ಮೈಕು ಕೊಟ್ಟ.

ಹಲೋರಾಯರು ಬಹಳ ಹೊತ್ತು ಯೋಚಿಸಿ, "ನಾನು ಹೋಗದಿದ್ರೆ ಅವರು ಕಾಯ್ತಿರ್ತಾರೆ," ಎಂದು ಹೇಳಿ ಕೂತುಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿ ಕಣ್ಣೊರೆಸಿಕೊಂಡಳು. ಆ ಕಣ್ಣೀರು ನೋಡಿದ ಹಲೋರಾಯರು ಚಪ್ಪಾಳೆ ನಿಲ್ಲುವ ಮೊದಲೇ ಮೈಕನ್ನು ಷಡ್ಡಕನ ಕೈಗೆ ತುರುಕಿದರು. ತನ್ನದಲ್ಲದ ಕೋಟು ತೊಟ್ಟು ಫೋಟೋ ತೆಗೆಸಿಕೊಂಡ ಹಾಗೆ ಇದು. ಇನ್ನು ತಡೆಯುವುದು ಸಾಧ್ಯವಿಲ್ಲವೆಂದು ಸೋಮವಾರ ನೇರವಾಗಿ ಮೇಡಂ ಕೋಣೆಗೆ ಹೋದರು.

"ಮೇಡಂ, ನಾನು ದೂರದವನಲ್ಲ. ದೂರಿನವನು."

ಮೇಡಂ ಪೆನ್ನು ಕೆಳಗಿಟ್ಟರು. "ಅಂದ್ರೆ?"

"ಕಂಪ್ಲೇಂಟು ಮೇಡಂ. ನೀವು ಲಿಫ್ಟಲ್ಲಿ ಕೇಳಿದಾಗ ವಿಭಾಗ ಕೇಳ್ತಿದೀರಿ ಅಂದ್ಕೊಂಡೆ."

"ಹಾಗಾದ್ರೆ ಆ ಅರವತ್ತು?"

"ಫೋನ್ ಕರೆಗಳು."

"ಪಾರ್ಕಲ್ಲಿ ಓಡ್ತಿದ್ದದ್ದು?"

"ಊಟದ ಡಬ್ಬಿ ಬಸ್ಸಲ್ಲಿತ್ತು ಮೇಡಂ."

ಮೇಡಂ ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಅವರ ಭುಜ ಅಲುಗುತ್ತಿತ್ತು. ಕೋಪದಲ್ಲಿ ಹೀಗೂ ನಡುಗುತ್ತಾರೆಯೇ ಎಂದು ಹಲೋರಾಯರು ಬೆವತರು. ಕೊನೆಗೆ ಮೇಡಂ ಕಣ್ಣೊರೆಸಿಕೊಂಡು ಈ ಕಡೆ ತಿರುಗಿದರು. ಅವರು ನಕ್ಕು ಸುಸ್ತಾಗಿದ್ದರು.

"ಟೀಮಿಗೆ ಗೊತ್ತಾ?"

"ಇಲ್ಲ. ಇವತ್ತೇ ಹೇಳ್ತೀನಿ."

"ಹೇಳಬೇಡಿ. ಓಟ ಮುಗೀಲಿ." ಮೇಡಂ ಮತ್ತೆ ಕುರ್ಚಿಯಲ್ಲಿ ಕೂತರು. "ಮೊನ್ನೆ ಪಂಪ್ ಆಪರೇಟರು ಸಹಿ ಹಾಕಿಸೋಕೆ ಬಂದ್ರು. ಮೆಟ್ಟಿಲು ಹತ್ಕೊಂಡು ಬಂದ್ರು. ಲಿಫ್ಟು ಕೆಟ್ಟಿರಲಿಲ್ಲ. ಅದನ್ನ ನೀವು ಹೇಗೆ ಮಾಡಿದ್ರೋ ಹಾಗೇ ಮುಂದುವರಿಸಿ. ನಾನು ಕೇಳಿಸ್ಕೊಂಡಿದ್ದು ತಪ್ಪಾಯ್ತು, ಆದ್ರೆ ಆರಿಸಿದ್ದು ತಪ್ಪಾಗಲಿಲ್ಲ ಅನ್ಸುತ್ತೆ."

ಓಟದ ದಿನ ಬೆಳಿಗ್ಗೆ ಎಲ್ಲರೂ ಬಂದಿದ್ದರು. ಹೆಂಡತಿ ಬಂದಿದ್ದಳು, ಅತ್ತೆ ಮಡಿಸುವ ಕುರ್ಚಿ ಸಮೇತ ಬಂದಿದ್ದರು, ಷಡ್ಡಕ ಗಡಿಯಾರ ಸಮೇತ ಬಂದಿದ್ದ. ಬರದವನು ಡ್ರೈವರು ಒಬ್ಬನೇ. ಊರಿನ ದೊಡ್ಡ ಪೈಪು ಅದೇ ಬೆಳಿಗ್ಗೆ ಒಡೆದು, ಕೆಲಸದವರನ್ನು ಕರೆದೊಯ್ಯಲು ಅವನೂ ಜೀಪೂ ಹೋಗಬೇಕಾಗಿತ್ತು. ಒಬ್ಬರು ತಪ್ಪಿದರೆ ತರಬೇತುದಾರರೇ ಓಡಬೇಕೆಂಬುದು ನಿಯಮ. ಸಂಘಟಕರು ಕೇಳುವ ಮೊದಲೇ ಅತ್ತೆ ಅಳಿಯನ ಎದೆಗೆ ನಂಬರು ಚುಚ್ಚಿ ಮುಗಿಸಿದ್ದರು.

"ಭಾವನ ನಿಜವಾದ ವೇಗ ಈಗ ನೋಡ್ಬೋದು," ಎಂದ ಷಡ್ಡಕ.

ನೋಡಿದರು. ಪಿಸ್ತೂಲಿನ ಸದ್ದಿಗೆ ಎಲ್ಲರೂ ಮುಂದೆ ಚಿಮ್ಮಿದರೆ ಹಲೋರಾಯರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಹೋದರು. ಮೀಟರ್ ರೀಡರ್ ಹುಡುಗಿ ಬಾಣದಂತೆ ಮಾಯವಾದಳು. ಟೈಪಿಸ್ಟಮ್ಮ ಯಾರೊಡನೆಯೋ ಮಾತಾಡುತ್ತಾ ಮಧ್ಯದ ಗುಂಪಿನಲ್ಲಿ ಸೇರಿಹೋದಳು. ಹೊಲ ದಾಟಿ, ಹಳ್ಳ ದಾಟಿ ಗುಡ್ಡದ ಏರಿಗೆ ಬಂದಾಗ ಹಲೋರಾಯರ ಮುಂದೆ ಉಳಿದದ್ದು ಪಂಪ್ ಆಪರೇಟರ ಅಗಲವಾದ ಬೆನ್ನು ಮಾತ್ರ. ಕಳೆದ ವರ್ಷದ ಕಲ್ಲು ಅಲ್ಲೇ ಇತ್ತು. ಪಂಪ್ ಆಪರೇಟರು ಅದರ ಹತ್ತಿರ ನಿಂತರು. ಕೂರಲಿಲ್ಲ, ಹಿಂತಿರುಗಿ ಕಾದರು.

"ನೀವು ಹೋಗಿ," ಎಂದು ಹಲೋರಾಯರು ಏದುಸಿರಿನ ನಡುವೆ ಕೈಬೀಸಿದರು. "ನನಗೋಸ್ಕರ ಕಾಯಬೇಡಿ. ನಾನು ಓಟಗಾರನೇ ಅಲ್ಲ. ಮೊದಲಿಂದ್ಲೂ ಅಲ್ಲ. ಮೇಡಂ ತಪ್ಪು ಕೇಳಿಸ್ಕೊಂಡ್ರು, ನಾನು ಸುಮ್ಮನಿದ್ದೆ."

"ಗೊತ್ತು ಸರ್."

"ಏನು ಗೊತ್ತು?"

"ಮೊದಲನೇ ದಿನ ಮೊದಲನೇ ತಿರುವಲ್ಲೇ ಗೊತ್ತಾಯ್ತು. ನಾಲ್ಕು ಜನಕ್ಕೂ ಗೊತ್ತು. ಪಂಪು ಗಾಳಿ ಎಳೆಯೋ ಸದ್ದು ನನಗೆ ಗೊತ್ತಾಗಲ್ವಾ?"

ಹಲೋರಾಯರು ಬಾಯಿ ತೆರೆದರು. ಪಂಪು ಮತ್ತೊಮ್ಮೆ ಗಾಳಿ ಎಳೆಯಿತು.

"ಬೇರೆಯವರೆಲ್ಲ ಮುಂದೆ ನಿಂತು ‘ಬಾ ಬಾ’ ಅಂತ ಬೈಯೋರು ಸರ್," ಎಂದರು ಪಂಪ್ ಆಪರೇಟರು, ಅವರ ಹೆಜ್ಜೆಗೆ ತಮ್ಮ ಹೆಜ್ಜೆ ಸೇರಿಸಿ ಏರು ಹತ್ತುತ್ತಾ. "ನಾನು ಅವರ ಬೆನ್ನು ನೋಡಿ ನೋಡಿನೇ ಸೋತುಹೋಗ್ತಿದ್ದೆ. ನೀವು ಜೊತೆಯಲ್ಲಿ ಏದುಸಿರು ಬಿಡ್ತಾ ಬಂದ್ರಿ. ಓಡೋಕೆ ಬರಲ್ಲ ಅಂತ ಗೊತ್ತಿದ್ರೂ ದಿನಾ ಬಂದ್ರಿ. ಅದನ್ನ ನೋಡಿ ಮನೇಲಿ ಮಲಗೋಕೆ ನನಗೆ ನಾಚಿಕೆ ಆಗ್ತಿತ್ತು. ಈಗ ಮಾತು ಸಾಕು, ಆ ಕೊನೆಯ ಪೊದೆವರೆಗೂ ನಡೀರಿ, ಆಮೇಲೆ ಇಳಿಜಾರು."

ಗುಡ್ಡ ಇಳಿಯುವಾಗ ಹಲೋರಾಯರ ಮುಖ ಒದ್ದೆಯಾಗಿತ್ತು. ಬೆವರು ಎಂದೇ ಇಟ್ಟುಕೊಳ್ಳೋಣ.

ಇತ್ತ ಮೈದಾನದಲ್ಲಿ ಸಂಘಟಕರು ಗಂಟು ಕಟ್ಟುತ್ತಿದ್ದರು. ಬಾವುಟಗಳು ಮೂಟೆ ಸೇರಿದ್ದವು. ಕೊರಳಿಗೆ ಸೀಟಿ ಹಾಕಿಕೊಂಡ ಅಧಿಕಾರಿಯೊಬ್ಬರು ಕೊನೆಯ ಗೆರೆಯ ಹಗ್ಗ ಬಿಚ್ಚಲು ಹೋದಾಗ ಅದರ ಒಂದು ತುದಿಯನ್ನು ಅತ್ತೆ ಹಿಡಿದಿದ್ದರು, ಇನ್ನೊಂದು ತುದಿಯನ್ನು ಹೆಂಡತಿ. ಕಂಬಗಳನ್ನು ಆಗಲೇ ಕಿತ್ತಾಗಿತ್ತು.

"ಬಿಡಿ ಅಜ್ಜಿ, ಓಟ ಮುಗೀತು."

"ಇನ್ನೂ ಬರೋರಿದ್ದಾರೆ."

"ಯಾರೂ ಕಾಣ್ತಿಲ್ಲವಲ್ಲ."

"ನಮ್ಮ ಅಳಿಯ ಸ್ವಲ್ಪ ನಿಧಾನ," ಎಂದರು ಅತ್ತೆ. "ಆದ್ರೆ ಬರ್ತಾನೆ."

"ಅತ್ತೆ, ಭಾವ ದಿನಾ ಅರವತ್ತು..." ಎಂದು ಷಡ್ಡಕ ಬಾಯಿ ಹಾಕಿದ.

"ನೀನು ಆ ಗಡಿಯಾರ ನೋಡ್ಕೋ. ಮಗಳ ಮದುವೆಯಾದಾಗಿಂದ ಒಂದೇ ಮನೇಲಿದೀನಿ, ನಮ್ಮ ಅಳಿಯ ಓಡ್ತಾನೋ ಇಲ್ವೋ ನನಗೆ ಗೊತ್ತಿಲ್ವಾ?"

ಹೆಂಡತಿ ತಾಯಿಯ ಮುಖ ನೋಡಿ ನಕ್ಕಳು. ಅವಳಿಗೂ ಗೊತ್ತಿತ್ತು. ಇಬ್ಬರೂ ಹಗ್ಗ ಬಿಗಿ ಮಾಡಿದರು.

ತಿರುವಿನಲ್ಲಿ ಎರಡು ಆಕೃತಿಗಳು ಕಾಣಿಸಿಕೊಂಡವು. ಒಂದು ಅಗಲ, ಒಂದು ಗುಂಡಗೆ. ಮೀಟರ್ ರೀಡರ್ ಹುಡುಗಿಯೂ ಟೈಪಿಸ್ಟಮ್ಮನೂ ಗೆರೆಯಿಂದ ಹಿಂದಕ್ಕೆ ಓಡಿ ಅವರ ಎರಡು ಪಕ್ಕ ಸೇರಿಕೊಂಡರು. ಮೇಡಂ ಮರದ ನೆರಳಿನಿಂದ ಎದ್ದು ಬಂದು ಚಪ್ಪಾಳೆ ತಟ್ಟುತ್ತಾ ನಿಂತರು. ಪಂಪ್ ಆಪರೇಟರು ಹಗ್ಗ ಮುಟ್ಟಿದರು. ಹಲೋರಾಯರು ಹಗ್ಗದ ಮೇಲೆಯೇ ಬಿದ್ದರು. ನೀರು ಸರಬರಾಜು ಇಲಾಖೆ ಕೊನೆಗೂ ಓಟ ಮುಗಿಸಿತ್ತು.

ಎದ್ದ ಮೇಲೆ ಹಲೋರಾಯರು ಏನು ಮಾಡಬೇಕೆಂದು ತೋಚದೆ ಸಿಕ್ಕ ಸಿಕ್ಕವರಿಗೆಲ್ಲ ಕೈಮುಗಿದರು. ಮೇಡಂಗೆ, ತಂಡಕ್ಕೆ, ಸೀಟಿಯ ಅಧಿಕಾರಿಗೆ, ಆಂಬುಲೆನ್ಸಿನಲ್ಲಿ ನಿದ್ದೆ ಮಾಡುತ್ತಿದ್ದವನಿಗೆ, ಮೂಟೆ ಸೇರಿದ ಬಾವುಟಗಳಿಗೆ. ಷಡ್ಡಕನಿಗೆ ಎರಡು ಸಲ. ಹೆಂಡತಿಯ ಎದುರು ಬಂದಾಗ ಮಾತ್ರ ಕೈ ಏಳಲಿಲ್ಲ. ಅವಳು ಅವರ ಎದೆಯ ಮೇಲೆ ವಾಲಿದ್ದ ನಂಬರನ್ನು ನೇರ ಮಾಡಿದಳು.

"ಕೈ ಜೋಮು ಹಿಡಿದಿದೆ ಅಳಿಯಂದ್ರೇ," ಎಂದರು ಅತ್ತೆ. "ಇನ್ನು ಬಿಡ್ಲಾ?"

ಹಲೋರಾಯರು ತಿರುವಿನ ಕಡೆ ನೋಡಿದರು. ದೂರದಲ್ಲಿ ಇನ್ನೊಬ್ಬರು ಬರುತ್ತಿದ್ದರು. ಮುದ್ರಣ ಇಲಾಖೆಯ ಹಿರಿಯರೊಬ್ಬರು, ಒಂದು ಶೂ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಮೈದಾನ ಖಾಲಿಯಾಗಿದ್ದನ್ನು ಕಂಡು ಅವರ ಹೆಜ್ಜೆ ತಡವರಿಸಿತು.

"ಕೊಡಿ ಅತ್ತೆ, ನಾನು ಹಿಡ್ಕೋತೀನಿ," ಎಂದು ಹಲೋರಾಯರು ಹಗ್ಗದ ತುದಿ ತೆಗೆದುಕೊಂಡರು. ಇನ್ನೊಂದು ತುದಿಯನ್ನು ಪಂಪ್ ಆಪರೇಟರು ಹಿಡಿದರು. ಅಧಿಕಾರಿ ಏನೋ ಹೇಳಲು ಹೋಗಿ, ಅತ್ತೆಯ ಮುಖ ನೋಡಿ, ಮೂಟೆ ಕೆಳಗಿಟ್ಟು ತಾವೂ ಪಕ್ಕದಲ್ಲಿ ನಿಂತರು.

"ಇನ್ನೂ ಹಗ್ಗ ಇದೆಯಾ?" ಹಿರಿಯರು ಅಲ್ಲಿಂದಲೇ ಕೂಗಿ ಕೇಳಿದರು.

"ಇದೆ, ನಿಧಾನವಾಗಿ ಬನ್ನಿ," ಎಂದರು ಹಲೋರಾಯರು. "ಹಿಡ್ಕೊಂಡಿದೀವಿ."